ಕಸ್ತೂರಿ ಇರುವ ಹಲ್ಲು

ಗದಗಿನಲ್ಲಿ ನನ್ನ ಹಲ್ಲುಗಳಷ್ಟು ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಕೆಟ್ಟು ನಿಂತ ಬಸ್ಸನ್ನು ಹಲ್ಲಿನಿಂದಲೇ ಎಳೆದಿದ್ದೇನೆ. ಒಳಗಿದ್ದವರು ಇಳಿಯಲೂ ಇಲ್ಲ. ದಿನಾ ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಹಾಕಿ ನಾನು ತಿಕ್ಕುವ ಸದ್ದಿಗೆ ಪಕ್ಕದೂರು ಹುಲಕೋಟಿಯ ಕೋಳಿಗಳು ಏಳುತ್ತಿದ್ದವು.

ಒಂದೊಂದು ಹಲ್ಲಿನಲ್ಲಿ ಒಬ್ಬೊಬ್ಬರ ನೆನಪು ಇರುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಮಗುವಿನ ಹಾಲುಹಲ್ಲು ಬಿದ್ದಾಗ ತಾಯಿ, "ನಾ ನಿಮ್ಮವ್ವ" ಎಂದು ಮತ್ತೆ ಪರಿಚಯ ಹೇಳಿಕೊಳ್ಳುತ್ತಾಳೆ. ದೊಡ್ಡವರ ಹಲ್ಲು ಹೋದರೆ ಮಾತ್ರ ಎಷ್ಟು ಹೇಳಿದರೂ ಮರುದಿನಕ್ಕೆ ನಿಲ್ಲುವುದಿಲ್ಲ.

ತೀರಿಹೋದ ನಮ್ಮ ಮಗಳು ಕಸ್ತೂರಿ, ನನ್ನ ಹೆಂಡತಿ ಶಾಂತವ್ವನ ಬಾಯಿಂದ ಹೋದ ವರ್ಷವೇ ಉದುರಿದಳು. ಈಗ ಅವಳು ಉಳಿದಿರುವುದು ನನ್ನ ಮುಂದಿನ ಹಲ್ಲಿನಲ್ಲಿ ಮಾತ್ರ.

ಆ ಹಲ್ಲನ್ನು ದಂತವೈದ್ಯೆ ಫರ್ಜಾನಾ ಮೆಲ್ಲಗೆ ಮುಟ್ಟಿದರು. ಅದು ಅಲ್ಲಾಡಿತು.

"ಆರು ತಿಂಗಳಿಗೊಮ್ಮೆ ಕ್ಲೀನಿಂಗಿಗೆ ಬರ್ರಿ ಅಂದ್ರ, ಬಸ್ ಎಳ್ಯಾಂವಗ ಅದ್ಯಾಕ ಅಂದ್ರಿ. ಇಟ್ಟಿಗಿ ಹಚ್ಚಿ ತಿಕ್ಕಿ ವಸಡು ತಿಂದೀರಿ, ಒಳಗ ಕೊಳಿ ಕಲ್ಲಾಗಿ ಕಟ್ಟೇತಿ. ಇನ್ನ ನಾಲಿಗಿ ತಾಗಿದ್ರೂ ಬೀಳತೈತಿ ಕಾಕಾ. ಮಾತು ಬಂದ್ ಮಾಡ್ರಿ."

ಮನೆಗೆ ಬಂದಾಗ ಶಾಂತವ್ವ ಗೋಡೆಯ ಫೋಟೋ ಒರೆಸುತ್ತಿದ್ದಳು.

"ಈ ಹುಡುಗಿ ಯಾರ್ರೀ? ನನ್ನಂಗ ನಗತಾಳ."

ದಿನಾ ಕೇಳುತ್ತಾಳೆ, ದಿನಾ ಹೇಳುತ್ತೇನೆ. ಏಳು ಊರಿಗೆ ಕೇಳುವಂತೆ ಮಾತಾಡುವ ನಾನು ಇವತ್ತು ತುಟಿ ಬಿಗಿದು ನಿಂತೆ.

"ನಿಮಗೂ ಗೊತ್ತಿಲ್ಲೇನು? ಹಂಗಾರ ತಗದಬಿಡ್ತೀನಿ, ಯಾರ್ದೋ ಏನೋ" ಎನ್ನುತ್ತ ಅವಳು ಫೋಟೋ ಇಳಿಸತೊಡಗಿದಳು.

ನಾನು ಅವಳ ಕೈ ಹಿಡಿದೆ. ಬಾಯಿ ಮಾತ್ರ ತೆರೆಯಲಿಲ್ಲ.