ಬಾಡಿಗೆಯ ನೆರಳು

ತೇಲುವ ಸೈಟುಗಳ ಬೆಲೆ ಬಿದ್ದುಹೋದ ವರ್ಷ, ರಾಯಚೂರಿನ ಆಕಾಶದಲ್ಲಿ ಅವು ಖಾಲಿಯಾಗಿ ತೂಗಾಡುತ್ತಿದ್ದವು. ಮೇಲೆ ಮನೆ ಕಟ್ಟಿಕೊಂಡಿದ್ದವರೆಲ್ಲ ಬೇಸತ್ತು ನೆಲಕ್ಕೆ ಇಳಿದಿದ್ದರು. ಗಿರಿಜಾಬಾಯಿ, ಮಡಿವಾಳಪ್ಪ ದಂಪತಿ ಹೊಲಿಗೆ ಅಂಗಡಿ ಮಾರಿ ಕೊಂಡಿದ್ದ ಸೈಟನ್ನೂ ಕೇಳುವವರಿರಲಿಲ್ಲ. ಮಡಿವಾಳಪ್ಪ ಜನರಿಗೆ ಮುಖ ತೋರಿಸಲಾಗದೆ ಮನೆಯಲ್ಲೇ ಕುಳಿತುಬಿಟ್ಟಿದ್ದ.

ಬೇಸಿಗೆಯ ಒಂದು ಬೆಳಿಗ್ಗೆ ಸಂತೆಯಲ್ಲಿ ಸೊಪ್ಪು ಮಾರುವ ಹುಸೇನಬಿ ಗಿರಿಜಾಬಾಯಿಯನ್ನು ತಡೆದು ನಿಲ್ಲಿಸಿದಳು.

"ಅಕ್ಕಾ, ಮ್ಯಾಲೆ ತೂಗಾಡೋದು ನಿಮ್ಮ ಸೈಟ್ ಅಲ್ಲೇನ್ರಿ? ಅದನ್ನ ಸ್ವಲ್ಪ ಈ ಕಡಿಗೆ ಎಳೀರಿ. ಬಿಸಿಲಿಗೆ ತಪ್ಪಲ ಪಲ್ಯ ಎಲ್ಲ ಬಾಡಾಕತ್ತದ. ನೆರಳಿಗೆ ನಾವೆಲ್ಲ ಕೂಡಿ ಬಾಡಿಗಿ ಕೊಡ್ತೀವಿ."

ಗಿರಿಜಾಬಾಯಿ ಮನೆಗೆ ಓಡಿ ಬಂದು ಗಂಡನಿಗೆ ವಿಷಯ ಹೇಳಿದಳು. "ಏಳ್ರಿ, ಹಗ್ಗ ತಗೋರಿ."

"ನೆರಳು ಮಾರೋದಾ? ಜನ ನಗ್ತಾರ."

"ನಗಲಿ. ನಮ್ಮ ನೆರಳಾಗ ಕುಂತು ನಗ್ತಾರ."

ಇಬ್ಬರೂ ಸೈಟನ್ನು ಎಳೆದು ತಂದು ಸಂತೆಯ ಗೂಟಕ್ಕೆ ಕಟ್ಟಿದರು. ನೆರಳು ಬಿದ್ದ ಕೂಡಲೇ ಮಾರುವವರು ಕೊಡೆ ಮಡಚಿದರು. ಸೂರ್ಯ ಸರಿದಂತೆಲ್ಲ ಮಡಿವಾಳಪ್ಪ ಗೂಟದಿಂದ ಹಗ್ಗ ಬಿಚ್ಚಿ ಸೈಟನ್ನೂ ಸರಿಸುತ್ತ ಹೋದ. ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆದರೂ ಅವನು ಹಗ್ಗ ಬಿಡಲಿಲ್ಲ.

"ನೀ ನಡಿ. ಆ ಮೂಲ್ಯಾಗಿನ ಬಾಳೆಹಣ್ಣಿನಾಕಿ ಇನ್ನಾ ಬಿಸಿಲಾಗ ಕುಂತಾಳ."