ಬೆನ್ನು ಅಳೆಯುವ ಯಂತ್ರ

ಕಾಲೇಜಿನ ಕೊನೆಯ ಪರೀಕ್ಷೆಗೆಂದು ವಿದ್ಯಾರ್ಥಿನಿ ತಾನೇ ತಯಾರಿಸಿದ, ಬೆನ್ನಿನ ಬಿಗಿತ ಅಳೆಯುವ ಯಂತ್ರ ಒಂದೇ ಬೆನ್ನಿಗೆ ಮೂರು ಸಲವೂ ಒಂದೇ ಅಂಕಿ ತೋರಿಸಿದರೆ ಪಾಸು. ಇಲ್ಲದಿದ್ದರೆ ಅವಳ ಇಡೀ ವರ್ಷದ ದುಡಿಮೆ ನೀರುಪಾಲು. ಅವಳು ತನ್ನ ಅಮ್ಮನನ್ನೇ ಕರೆತಂದು ಮಂಚದ ಮೇಲೆ ಬೋರಲು ಮಲಗಿಸಿದಳು.

ಎರಡನೇ ಸಲಕ್ಕೆ ಅಂಕಿ ಇಳಿಯಿತು. ಮೂರನೇ ಸಲಕ್ಕೆ ಇನ್ನೂ ಇಳಿಯಿತು.

"ಯಂತ್ರ ಕೆಟ್ಟಿದೆಯಮ್ಮ," ಎಂದರು ಪರೀಕ್ಷಕಿ.

"ಅಮ್ಮಾ, ಅಲ್ಲಾಡಿದ್ಯಾ?"

ಉತ್ತರವಾಗಿ ಗೊರಕೆ ಕೇಳಿಸಿತು.

"ಇವ್ರು ಮನೇಲಿ ಮಲಗೋದೇ ಇಲ್ವಾ?"

"ಮಲಗ್ತಾರೆ ಮೇಡಂ. ಎಲ್ರ ಊಟ ಆಗಿ, ಪಾತ್ರೆ ತೊಳೆದು, ನಾಳೆಗೆ ಹಿಟ್ಟು ರುಬ್ಬಿಟ್ಟ ಮೇಲೆ."

"ಹಾಗಾದ್ರೆ ಯಂತ್ರ ಸರಿಯಾಗೇ ಇದೆ," ಎಂದ ಪರೀಕ್ಷಕಿ ಚಪ್ಪಲಿ ಬಿಟ್ಟು ಪಕ್ಕದ ಮಂಚದ ಮೇಲೆ ಬೋರಲು ಮಲಗಿದರು. "ಈಗ ನನ್ನ ಬೆನ್ನು ಅಳೆಯಮ್ಮ. ಅವಸರ ಏನಿಲ್ಲ."