ಮಲ್ಲಿಗೆ ಅಳಿಸಿದ ಹುಡುಗಿ

ಮಾದಯ್ಯ ಬೀಡಿ ಸೇದಲು ಬೀದಿಗಿಳಿದದ್ದೇ ತಡ, ಚೌಡೇಶ್ವರಿ ಅವನ ಕುಂಚಕ್ಕೆ ಕೈ ಹಾಕಿದಳು.

ಚಿತ್ರದಲ್ಲಿ ಕೂತಿದ್ದವಳು ಅವಳೇ. ಪಕ್ಕದಲ್ಲಿ ಮಲ್ಲಿಗೆ ಬಳ್ಳಿ, ಮೈತುಂಬ ಮೊಗ್ಗು. "ಹದಿನೈದರ ಹುಡ್ಗಿ ಅಂತ ನೋಡ್ದೇಟ್ಗೆ ಗೊತ್ತಾಗ್ಬೇಕು ಕಣವ್ವ, ಅದ್ಕೇ ಮೊಗ್ಗು" ಎಂದಿದ್ದ, ನಾಟಕದ ಪರದೆ ಬರೆದು ಪಳಗಿದ ಮಾದಯ್ಯ.

ಹನೂರಿನ ಜವಳಿ ಅಂಗಡಿಯವರ ಸಂಬಂಧ. ಹೆಣ್ಣು ನೋಡಲು ಯಾರೂ ಬರಲಿಲ್ಲ. ಮೊದಲು ಚಿತ್ರ ಬರೆಸಿ ಕಳಿಸಿ ಎಂದರು. ವರದಕ್ಷಿಣೆ ಬೇಡ, ಮದುವೆಯ ಖರ್ಚೂ ನಮ್ಮದೇ ಎಂದರು. ಅವ್ವ ಸರಸ್ವತಮ್ಮ ಹಿಗ್ಗಿ ಹೀರೇಕಾಯಿಯಾದಳು. ಅಪ್ಪ ಜವರಯ್ಯ ಮಾತ್ರ ಮಗ್ಗದಿಂದ ತಲೆಯೆತ್ತಲಿಲ್ಲ. ಮಗಳ ಹೈಸ್ಕೂಲು ಬಿಡಿಸಿದರು. ಹೊಸ್ತಿಲು ದಾಟುವಂತಿಲ್ಲ. ಈ ಸಂಬಂಧ ಮುರಿಯಬೇಕು, ಮತ್ತೆ ಶಾಲೆಗೆ ಹೋಗಬೇಕು. ಚೌಡೇಶ್ವರಿಗೆ ಬೇಕಿದ್ದದ್ದು ಅಷ್ಟೇ.

ಮಾದಯ್ಯ ಬಂದು ನೋಡಿದ. ಬಳ್ಳಿಯೇ ಇಲ್ಲ. ಅಲ್ಲಿ ದಪ್ಪ ಎಲೆಯ, ನೇರಳೆ ಹೂವಿನ ಎಕ್ಕದ ಗಿಡ.

"ಏನವ್ವ ಮಾಡ್ಬುಟ್ಟೆ! ಮಸಾಣದಲ್ಲಿ ಬೆಳಿಯೋ ಗಿಡ ಇದು. ಮದ್ವೆ ಮಾತಾಡೋರು ಕಂಡ್ರೆ ಎದ್ ಓಯ್ತಾರೆ."

"ಓಗ್ಲಿ ಅಂತ್ಲೇ ಬರ್ದೆ ಮಾವ. ಹಂಗೇ ಕಳ್ಸಿ, ನಿಮ್ ಕಾಲಿಗೆ ಬೀಳ್ತೀನಿ."

ಅವನಿಗೂ ಹೆಣ್ಣುಮಕ್ಕಳಿದ್ದರು. ಬಣ್ಣ ಆರಿದ ಮೇಲೆ ಮನೆಯವರಿಗೆ ತೋರಿಸದೆ ಸುತ್ತಿ ಕಳಿಸಿದ.

ಮುಂದಿನ ಸೋಮವಾರ ವರನ ತಾಯಿ ಚಿತ್ರ ಹಿಡಿದು ಒಬ್ಬಳೇ ಬಂದಳು. ಚಾಪೆಯ ಮೇಲೆ ಬಿಡಿಸಿ, ಗಿಡದ ಮೇಲೆ ಬೆರಳಿಟ್ಟಳು.

"ಇದ ಬರ್ದೋರು ಯಾರು?"

"ನಾನೇ" ಎಂದಳು ಚೌಡೇಶ್ವರಿ, ತಲೆಯೆತ್ತಿ.

"ಅಯ್ಯೋ, ಕೆಟ್ನಲ್ಲಪ್ಪೋ!" ಸರಸ್ವತಮ್ಮ ಹಣೆ ಚಚ್ಚಿಕೊಂಡಳು. ಒಳಗೆ ಜವರಯ್ಯನ ಮಗ್ಗದ ಲಾಳಿ ನಿಂತಿತು. ಮುದುಕಿಯ ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡಳು ಚೌಡೇಶ್ವರಿ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಮುದುಕಿ ಅವಳನ್ನು ಹತ್ತಿರಕ್ಕೆ ಎಳೆದು ನೆಟಿಕೆ ಮುರಿದಳು.

"ಈ ಇಸ್ಯ ನಿಂಗೆ ಎಂಗಪ್ಪಾ ಏಳದು ಅಂತ ಎದ್ರುತಾ ಇದ್ದೆ ಕಣವ್ವ. ನಿಮ್ಮಪ್ಪಂಗೊಬ್ಬನ್ಗೇ ಗೊತ್ತಿತ್ತು. ಹುಡ್ಗಿ ಬ್ಯಾಡ ಅಂದ್ರೆ ಬಲವಂತ ಮಾಡ್ದೆ ಸುಮ್ನೆ ಓಗ್ಬುಡವ ಅಂತಿದ್ದೆ. ನನ್ ಮಗನ ಇಬ್ರು ಎಂಡ್ರೂ ತೀರೋದ್ರು. ಮೂರ್ನೇದು ಉಳಿಯಕಿಲ್ಲ ಅಂತ ಶಾಸ್ತ್ರದೋರು ಅಂದ್ರು. ಅದ್ಕೇ ಮೂರ್ನೇ ತಾಳಿಯ ಎಕ್ಕದ ಗಿಡಕ್ಕೆ ಕಟ್ಸಿ ಬಂದೀವಿ, ಈಗ ಅದೇ ಮೂರ್ನೇ ಎಂಡ್ತಿ, ನೀನು ನಾಕ್ನೇದು. ನೀನು ಎಲ್ಲಾನೂ ತಿಳ್ಕಂಡು, ಆ ನಿನ್ನ ಅಕ್ಕನ್ನ ಪಕ್ದಲ್ಲೇ ಕೂರಿಸ್ಕಂಡು ಒಪ್ಗೆ ಕಳ್ಸಿದ್ದೀಯಲ್ಲವ್ವ, ತಾಯಿ!"